ಪ್ಲಿಮತ್ತಿನ ಸೆರೆ, ಪಟ್ಟಣದ ಸೆರೆ

ನಮ್ಮ ಉಡುಪಿ ಕಡೆಯ ಶಾಲೆಗಳು ಡಿಸೆಂಬರ್ ಪ್ರವಾಸಕ್ಕೆ ಮೈಸೂರಿಗೆ ಹೊರಟರೆ ಶ್ರೀರಂಗಪಟ್ಟಣದಲ್ಲಿ ಒಂದರ್ಧ ಗಂಟೆ ಇಳಿಸುವುದು ವಾಡಿಕೆ. ಮಕ್ಕಳು ರಂಗನಾಥನಿಗೆ ಕೈಮುಗಿದು, ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದು, ಕೋಟೆಗೋಡೆಯ ಬದಿಗೆ ತಗ್ಗಿನಲ್ಲಿರುವ ಒಂದು ಕಟ್ಟಡಕ್ಕೆ ಇಳಿಯುತ್ತಾರೆ. ಅದರ ಹೆಸರು ಕರ್ನಲ್ ಬೈಲಿ ಬಂದೀಖಾನೆ. ಗಾರೆಯ ಕಮಾನುಗಳು, ಗೋಡೆಗೆ ಹುದುಗಿಸಿದ ಕಲ್ಲಿನ ಹಲಗೆಗಳು, ಹಲಗೆಗಳಲ್ಲಿ ಕೈ ಕಟ್ಟಲು ತೂತು. ನಾನು ಮಕ್ಕಳ ಜೊತೆ ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಎರಡೂ ಸಲ ಯಾವನಾದರೊಬ್ಬ ಹುಡುಗ ಆ ತೂತಿಗೆ ಕೈ ಒಡ್ಡಿ, ನಾಲಗೆ ಹೊರಹಾಕಿ, ಫೋಟೊ ತೆಗೆಸಿಕೊಂಡಿದ್ದಾನೆ. ಎರಡನೇ ಸಲ ಹಾಗೆ ನಿಂತವನು ಕಾರ್ಕಳ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಹುಡುಗ. ಅವನ ಹಿರಿಯರು ಇದೇ ಊರಿನಲ್ಲಿ ಹದಿನೈದು ವರ್ಷ ಸೆರೆಯಲ್ಲಿ ಇದ್ದಿರಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಹೇಳಲಿಲ್ಲ. ಡ್ರೈವರ್ ಹಾರನ್ ಹೊಡೆಯುತ್ತಿದ್ದ.

ಅಂದು ಬಾಯಿಗೆ ಬಂದು ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಬೈಲಿ ಯಾರೆಂದು ಗೈಡುಗಳು ಹೇಳುತ್ತಾರೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ದಂಡನ್ನು ಸುತ್ತುಗಟ್ಟಿ ಮುಗಿಸಿತು. ಅದರ ನಾಯಕ ವಿಲಿಯಂ ಬೈಲಿ ಸೆರೆಸಿಕ್ಕ, 1782ರ ನವೆಂಬರಿನಲ್ಲಿ ಸೆರೆಯಲ್ಲೇ ಸತ್ತ. ಆ ಯುದ್ಧದ ಚಿತ್ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಇವತ್ತಿಗೂ ಇದೆ. ಅವನ ಜೊತೆ ಸಿಕ್ಕಿದವರಲ್ಲಿ ಡೇವಿಡ್ ಬೇರ್ಡ್ ಎಂಬ ಅಧಿಕಾರಿ ಇದ್ದ. ಮೂರೂವರೆ ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದ ಅವನೇ 1799ರ ಮೇ 4ರಂದು ಇದೇ ಕೋಟೆಗೆ ಲಗ್ಗೆ ಹಾಕಿದ ದಂಡಿನ ಮುಂದಾಳು. ಕ್ರಾಮ್‌ವೆಲ್ ಮ್ಯಾಸಿ ಎಂಬ ಇನ್ನೊಬ್ಬ ಅಧಿಕಾರಿ ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಪುಸ್ತಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಗುಟ್ಟಾಗಿ ದಿನಚರಿ ಬರೆದಿಟ್ಟ. ಇವರೆಲ್ಲ ಹೆಸರಿದ್ದ ಸೆರೆಯಾಳುಗಳು. ಊಟಕ್ಕೆ ದಿನಕ್ಕೆ ಇಷ್ಟು ಎಂದು ಲೆಕ್ಕವಿತ್ತು. ಸಂಧಾನದ ದಿನ ಬಂದಾಗ ಮದರಾಸಿನವರ ಕೈಯಲ್ಲಿ ಕೇಳಲು ಒಂದು ಪಟ್ಟಿ ಇತ್ತು.

ಯುದ್ಧಕೈದಿ ಅಂದರೆ ಅಷ್ಟೇ: ಪಟ್ಟಿಯಲ್ಲಿರುವವನು. ಇದು ನನ್ನ ವ್ಯಂಗ್ಯವಲ್ಲ, ಆ ಕಾಲದ ಕಾನೂನೇ ಹಾಗಿತ್ತು. ಇದನ್ನು ತಿಳಿಯಲು ಅದೇ ವರ್ಷಗಳ ಒಂದು ಇಂಗ್ಲಿಷ್ ಬಂದರನ್ನು ನೋಡಿ ಬರಬೇಕು.

ಪ್ಲಿಮತ್ ಇಂಗ್ಲೆಂಡಿನ ನೈಋತ್ಯ ತುದಿಯ ನೌಕಾಪಡೆಯ ಊರು. ಅಲ್ಲಿ ಮಿಲ್ ಪ್ರಿಸನ್ ಎಂಬ ಸೆರೆಮನೆ ಇತ್ತು. ಕಡಲಲ್ಲಿ ಹಿಡಿದ ಶತ್ರು ಹಡಗುಗಳ ನಾವಿಕರನ್ನು ತಂದು ಅಲ್ಲಿ ತುಂಬುತ್ತಿದ್ದರು. ಫ್ರೆಂಚ್ ನಾವಿಕ ಬಂದನೆಂದರೆ ಹೆಸರು, ಹಡಗು, ಹುದ್ದೆ ಬರೆದುಕೊಂಡು ರೊಟ್ಟಿ, ಮಾಂಸ, ಬಿಯರು ತೂಗಿ ಅಳೆದು ಕೊಡುತ್ತಿದ್ದರು. ಬಿಳಿ ಬಾವುಟದ ಹಡಗಿನಲ್ಲಿ ಇಲ್ಲಿಂದ ಇಷ್ಟು ಜನ ಫ್ರಾನ್ಸಿಗೆ, ಅಲ್ಲಿಂದ ಅಷ್ಟೇ ಜನ ಇಂಗ್ಲೆಂಡಿಗೆ. ಈ ವಿನಿಮಯಕ್ಕೆ 1780ರಲ್ಲಿ ಎರಡು ದೇಶಗಳು ಒಪ್ಪಂದವನ್ನೇ ಮಾಡಿಕೊಂಡವು. ದೊಡ್ಡ ಅಧಿಕಾರಿ ಒಬ್ಬನಿಗೆ ಬದಲು ಎಷ್ಟು ಮಂದಿ ಸಾದಾ ನಾವಿಕರು ಎಂದು, ನಮ್ಮ ಮಲ್ಪೆ ಬಂದರಿನಲ್ಲಿ ಅಂಜಲ್ ಮೀನಿಗೂ ಬೂತಾಯಿಗೂ ದರ ಕಟ್ಟಿದಂತೆ, ದರ ಕಟ್ಟಿದ್ದರು.

ಅದೇ ಮಿಲ್ ಪ್ರಿಸನ್ನಿನ ಅದೇ ಗೋಡೆಯೊಳಗೆ ಅಮೆರಿಕದ ನಾವಿಕರೂ ಇದ್ದರು. ಅವರೂ ಯುದ್ಧದಲ್ಲೇ ಸಿಕ್ಕಿದವರು. ಆದರೆ ಅವರನ್ನು ಯುದ್ಧಕೈದಿಗಳೆಂದು ಇಂಗ್ಲೆಂಡ್ ಒಪ್ಪಲಿಲ್ಲ. ಯಾಕೆಂದರೆ, ಅಮೆರಿಕ ಬೇರೆ ದೇಶವೆಂದೇ ಇಂಗ್ಲೆಂಡ್ ಒಪ್ಪಿರಲಿಲ್ಲ. ಹಾಗಾಗಿ ಅವರು ಅರಸನ ಪ್ರಜೆಗಳು. ಅರಸನ ಮೇಲೆ ಬಂದೂಕು ಎತ್ತಿದ ಪ್ರಜೆ ವೈರಿಯಲ್ಲ, ದ್ರೋಹಿ. ವೈರಿಗೆ ನಿಯಮವಿದೆ, ದ್ರೋಹಿಗೆ ಇಲ್ಲ. 1777ರಲ್ಲಿ ಇದಕ್ಕೆಂದೇ ಕಾಯಿದೆ ತಂದು ವಿಚಾರಣೆಯಿಲ್ಲದೆ ಕೂಡಿಹಾಕಿದರು. ಫ್ರೆಂಚರಿಗೆ ಕೊಡುವುದಕ್ಕಿಂತ ಅಮೆರಿಕದವರಿಗೆ ದಿನಕ್ಕೆ ಅರ್ಧ ಪೌಂಡು ರೊಟ್ಟಿ ಕಡಿಮೆ. ಅದರ ಬಗ್ಗೆ ಪಾರ್ಲಿಮೆಂಟಿನಲ್ಲಿ ಜಗಳವೂ ಆಯಿತು. ಕೊನೆಗೆ 1782ರ ಮಾರ್ಚಿನಲ್ಲಿ, ಯುದ್ಧ ಸೋತದ್ದು ಖಚಿತವಾದ ಮೇಲೆ, ಇವರೂ ಯುದ್ಧಕೈದಿಗಳೇ ಎಂದು ಇನ್ನೊಂದು ಕಾಯಿದೆ ಬಂತು. ಮನುಷ್ಯರು ಅವರೇ, ಗೋಡೆಯೂ ಅದೇ. ಬದಲಾದದ್ದು ಕಾಗದದ ಮೇಲಿನ ಹೆಸರು. ಆ ಹೆಸರು ಬಂದದ್ದರಿಂದಲೇ ಅವರು ಮನೆಗೆ ಹೋದರು.

ಈಗ ನಮ್ಮ ಕರಾವಳಿಗೆ ಬರೋಣ.

ಕಾಪುವಿನ ದೀಪಸ್ತಂಭದ ಮೇಲೆ ಸಂಜೆ ಹತ್ತಿದವರಿಗೆ ಗೊತ್ತು: ಪಶ್ಚಿಮಕ್ಕೆ ಬರೀ ನೀರು, ಪೂರ್ವಕ್ಕೆ ತೆಂಗಿನ ತಲೆಗಳ ಆಚೆ, ಮಳೆ ಬಿಟ್ಟು ಗಾಳಿ ತಿಳಿಯಾಗಿದ್ದರೆ, ಘಟ್ಟದ ನೀಲಿ ಗೆರೆ. ದೀಪಸ್ತಂಭ 1901ರದು. ಅದಕ್ಕೆ ನೂರಿಪ್ಪತ್ತು ವರ್ಷ ಹಿಂದೆ ಆ ಬಂಡೆಯ ಮೇಲೆ ಯಾರಾದರೂ ನಿಂತಿದ್ದರೆ ಮುಂಬಯಿಯಿಂದ ಬಂದ ಕಂಪನಿಯ ಹಡಗುಗಳನ್ನು ಕಾಣುತ್ತಿದ್ದರು. 1783ರ ಜನವರಿಯಲ್ಲಿ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದ, ಕುಂದಾಪುರ ಹಿಡಿದ, ಹೊಸಂಗಡಿ ಘಟ್ಟ ಹತ್ತಿ ಬಿದನೂರಿಗೆ, ಅಂದರೆ ಇವತ್ತಿನ ನಗರಕ್ಕೆ ನುಗ್ಗಿದ. ಹೈದರ್ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಕೋಟೆಯ ಅಧಿಕಾರಿ ಹಯಾತ್ ಸಾಹೇಬ್ ಯುದ್ಧವೇ ಇಲ್ಲದೆ ಬೀಗದ ಕೈ ಕೊಟ್ಟ. ಮಾರ್ಚಿನಲ್ಲಿ ಮಂಗಳೂರೂ ಇಂಗ್ಲಿಷರದಾಯಿತು.

ಗೆದ್ದದ್ದಕ್ಕಿಂತ ಬೇಗ ಕಳೆದುಕೊಂಡರು. ಟಿಪ್ಪು ಓಡೋಡಿ ಬಂದು ನಗರವನ್ನು ಮುತ್ತಿದ. ಏಪ್ರಿಲ್ ಕೊನೆಗೆ ಮ್ಯಾಥ್ಯೂಸ್ ಶರಣಾದ. ಕರಾರು ಏನೆಂದರೆ, ಖಜಾನೆಯನ್ನು ಹಾಗೇ ಒಪ್ಪಿಸಿ ಇಂಗ್ಲಿಷರು ಕಡಲತೀರಕ್ಕೆ ಇಳಿದು ಹಡಗು ಹತ್ತಬಹುದು. ಟಿಪ್ಪುವಿನವರು ಒಳಗೆ ಹೋಗಿ ನೋಡಿದರೆ ಖಜಾನೆ ಬರಿದು. ವರಹಗಳೆಲ್ಲ ದಂಡಿನವರ ಗಂಟುಮೂಟೆಯೊಳಗೆ ಸೇರಿದ್ದವು. ಕರಾರು ಮುರಿಯಿತು, ಇಡೀ ದಂಡು ಸೆರೆಯಾಯಿತು. ಮ್ಯಾಥ್ಯೂಸ್ ಅದೇ ವರ್ಷ ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ, ಸೆರೆಯಲ್ಲಿ ಸತ್ತ. ವಿಷ ಕೊಟ್ಟರು ಎಂದು ಇಂಗ್ಲಿಷರು ಬರೆದರು. ಕದ್ದವರು ಯಾರು, ಮಾತು ತಪ್ಪಿದವರು ಯಾರು ಎಂದು ಇಂಗ್ಲಿಷ್ ಪುಸ್ತಕಗಳನ್ನಷ್ಟೇ ಓದಿದರೆ ಗೊತ್ತಾಗುವುದಿಲ್ಲ.

ಮಂಗಳೂರು ಮಾತ್ರ ಜಗ್ಗಲಿಲ್ಲ. ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನು ಕೋಟೆಯೊಳಗೆ ಕೂತ. ಮುತ್ತಿಗೆ 1783ರ ಮೇ ತಿಂಗಳಲ್ಲಿ ಶುರುವಾಗಿ ನಮ್ಮ ಮಳೆಗಾಲವನ್ನಿಡೀ ದಾಟಿತು. ಘಟ್ಟದ ಮೇಲಿನವರ ಸೇನೆ ಆಷಾಢದ ಮಳೆಯಲ್ಲಿ ಕರಾವಳಿಯ ಕೆಸರಿನಲ್ಲಿ ಕಂದಕ ತೋಡುವುದು ಎಂಥದ್ದು ಎಂಬುದನ್ನು ಒಮ್ಮೆ ಊಹಿಸಿಕೊಳ್ಳಿ. ಒಳಗಿದ್ದವರು ಕುದುರೆ ತಿಂದರು, ಕಪ್ಪೆ ತಿಂದರು, ಕಾಗೆ ತಿಂದರು. ಯುರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ರಾಜಿಯಾದ ಸುದ್ದಿ ಬಂದು ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಕೈಬಿಟ್ಟರು. ಆಗಸ್ಟಿನಲ್ಲಿ ಕದನವಿರಾಮವಾಯಿತು. ಆದರೂ ಕೋಟೆಗೆ ಅಕ್ಕಿ ಸರಿಯಾಗಿ ತಲುಪಲಿಲ್ಲ. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಬಿಟ್ಟುಕೊಟ್ಟ. ಟಿಪ್ಪು ಈ ಸಲ ಮಾತಿನಂತೆ ನಡೆದ: ಉಳಿದವರು ಮರ್ಯಾದೆಯಿಂದ ಹೊರಬಂದು ತಲಶ್ಶೇರಿಗೆ ಹೋದರು. ಕ್ಯಾಂಬೆಲ್ ಮಾರ್ಚಿನಲ್ಲಿ ಮುಂಬಯಿಯಲ್ಲಿ ಸತ್ತ, ದಣಿದೇ ಸತ್ತ ಎನ್ನಬೇಕು.

ಸಿಪಾಯಿಗಳಿಗೆ ಹಡಗು ಸಿಕ್ಕಿತು. ಊರಿನವರಿಗೆ?

ಕೆನರಾದ ಕೊಂಕಣಿ ಕ್ರೈಸ್ತರು ಇಂಗ್ಲಿಷರಿಗೆ ಅಕ್ಕಿ, ಹಣ, ಸುದ್ದಿ ಕೊಟ್ಟರೆಂಬ ಅನುಮಾನ ಟಿಪ್ಪುವಿಗಿತ್ತು. ಕೆಲವರು ಕೊಟ್ಟಿದ್ದರೂ ಇರಬಹುದು. ಗದ್ದೆಯ ಬದುವಿಗೆ ದಂಡು ಬಂದು ನಿಂತಾಗ ಅಕ್ಕಿ ಕೊಡುವುದಿಲ್ಲ ಎನ್ನುವ ರೈತ ಯಾವ ಜಾತಿಯಲ್ಲೂ ಅಪರೂಪ. 1784ರ ಫೆಬ್ರವರಿ ಕೊನೆಗೆ, ಬೂದಿ ಬುಧವಾರದ ಹೊತ್ತಿಗೆ, ಕರಾವಳಿಯ ಉದ್ದಕ್ಕೂ ಏಕಕಾಲಕ್ಕೆ ಹಿಡಿದರು. ಫೆಬ್ರವರಿ 24, ಬೂದಿ ಬುಧವಾರ ಎಂದು ಎಲ್ಲ ಕಡೆ ಬರೆದಿರುತ್ತದೆ. ಆ ವರ್ಷ ಈಸ್ಟರ್ ಏಪ್ರಿಲ್ 11ಕ್ಕೆ ಬಿದ್ದಿತ್ತು. ಲೆಕ್ಕ ಹಾಕಿದರೆ ಬೂದಿ ಬುಧವಾರ 25 ಆಗುತ್ತದೆ. ಒಂದು ದಿನದ ವ್ಯತ್ಯಾಸ ದೊಡ್ಡದಲ್ಲ. ಆದರೆ ಪೊಲ್ಲಿಲೂರಿಗೆ ದಿನ ತಪ್ಪದ ಚರಿತ್ರೆ ಇವರಿಗೆ ವಾರವನ್ನೂ ತಾರೀಕನ್ನೂ ಹೊಂದಿಸಿಲ್ಲ ಎಂಬುದನ್ನು ಗಮನಿಸಿ.

ಎಷ್ಟು ಜನ ಎಂಬುದಕ್ಕೂ ಇದೇ ಗತಿ. 30,000ದಿಂದ 80,000 ತನಕ ಹೇಳುತ್ತಾರೆ. ಹೆಚ್ಚು ಕಡೆ ಬರುವ ಸಂಖ್ಯೆ 60,000. ಕಲ್ಯಾಣಪುರದ ಮಿಲಾಗ್ರಿಸ್, 1678ರ ಇಗರ್ಜಿ, ನೆಲಕ್ಕೆ ಬಿತ್ತು. ಕಾರ್ಕಳದ ಅತ್ತೂರಿನಲ್ಲಿ 1759ರಲ್ಲಿ ಕಟ್ಟಿದ ಸಂತ ಲಾರೆನ್ಸರ ಇಗರ್ಜಿ ಬಿತ್ತು. ಮೂಡುಬಿದಿರೆಯ ಹೊಸಪೇಟೆಯ ಇಗರ್ಜಿ ಉಳಿಯಿತು. ಅಲ್ಲಿನ ಜೈನ ಅರಸ ಚೌಟರು ಅಡ್ಡ ನಿಂತರು ಎನ್ನುತ್ತಾರೆ. ಪಾದ್ರಿಗಳನ್ನು ಗಡಿಪಾರು ಮಾಡಿದರು. ಮಿಕ್ಕವರು, ಮುದುಕರು, ಬಾಣಂತಿಯರು, ಮಕ್ಕಳು, ಘಟ್ಟ ಹತ್ತಿದರು. ಪಟ್ಟಣಕ್ಕೆ ಸುಮಾರು ಆರು ವಾರದ ನಡಿಗೆ ಎಂಬುದು ಬಾಯಿಂದ ಬಾಯಿಗೆ ಬಂದ ಲೆಕ್ಕ. ಕುಂಭ, ಮೀನ ತಿಂಗಳ ಬಿಸಿಲು.

ಆ ಹೊತ್ತಿಗೆ ಕಂಪನಿಯ ಮೂವರು ರಾಯಭಾರಿಗಳು, ಸ್ಯಾಡ್ಲಿಯರ್, ಸ್ಟಾಂಟನ್ ಮತ್ತು ಹಡಲ್‌ಸ್ಟನ್, ಸಂಧಾನಕ್ಕೆಂದು ಮಂಗಳೂರಿನ ಪಕ್ಕದಲ್ಲೇ ಡೇರೆ ಹಾಕಿ ಕೂತಿದ್ದರು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ರುಜುವಾಯಿತು. 1780ರಿಂದ ಸೆರೆಸಿಕ್ಕವರನ್ನು ಬಿಡಬೇಕು, ದಾರಿಗೆ ಊಟ, ಗಾಡಿ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಬೇರ್ಡ್ ಹೊರಬಂದ. ಮ್ಯಾಸಿ ಹೊರಬಂದ. ಎರಡು ವಾರ ಹಿಂದೆ ಘಟ್ಟ ಹತ್ತಿದವರ ಬಗ್ಗೆ ಒಂದು ಸಾಲೂ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಟಿಪ್ಪುವಿನ ಪ್ರಜೆಗಳು. ಪ್ಲಿಮತ್ತಿನಲ್ಲಿ ಇಂಗ್ಲೆಂಡಿನ ಅರಸ ಅಮೆರಿಕದವರಿಗೆ ಹೇಳಿದ್ದನ್ನೇ ಮಂಗಳೂರಿನಲ್ಲಿ ಮೈಸೂರಿನ ಸುಲ್ತಾನ ಹೇಳಬಹುದಿತ್ತು: ಇವರು ನನ್ನವರು, ದ್ರೋಹ ಮಾಡಿದವರು, ನಿಮಗೇನು ಕೆಲಸ? ಅದನ್ನು ಎದುರಿಸಿ ಮಾತಾಡುವ ಯೋಗ್ಯತೆ, ಎರಡೇ ವರ್ಷ ಹಿಂದಿನವರೆಗೂ ಅದೇ ಮಾತಾಡಿದ್ದ ಇಂಗ್ಲಿಷರಿಗೆ ಇರಲಿಲ್ಲ. ಮನಸ್ಸೂ ಇದ್ದಂತೆ ಕಾಣುವುದಿಲ್ಲ.

ಟಿಪ್ಪುವಿನ ಹೆಸರೆತ್ತಿದರೆ ಈಗ ನಮ್ಮಲ್ಲಿ ಎರಡು ಬಣವಾಗುತ್ತದೆ. ಇದನ್ನು ಓದಿ ಒಂದು ಬಣ ಚಪ್ಪಾಳೆ ತಟ್ಟುತ್ತದೆ, ಇನ್ನೊಂದು ಮುಖ ತಿರುಗಿಸುತ್ತದೆ. ಅದೇ ಟಿಪ್ಪು 1791ರಲ್ಲಿ ಮರಾಠರ ಕುದುರೆ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆದು ನೆರವು ಕಳಿಸಿದವನು. ಆ ಕಾಗದಗಳು ಇವೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನಮಗೆ ಜಾಗ ಸಾಲುತ್ತಿಲ್ಲ, ಅಷ್ಟೇ.

ಪಟ್ಟಿಯಿಂದ ಬಿಟ್ಟುಹೋದವರಲ್ಲಿ ಇಂಗ್ಲಿಷರೂ ಇದ್ದರು. ಕಥೆ ಮತ್ತೆ ಪ್ಲಿಮತ್ತಿನ ಸೀಮೆಗೆ ಹೋಗುವುದು ಇಲ್ಲೇ. 1782ರ ಜನವರಿಯಲ್ಲಿ ಫ್ರೆಂಚರು ಸುಮಾತ್ರದ ಹತ್ತಿರ ಹ್ಯಾನಿಬಲ್ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಹಿಡಿದರು. ಅದರಲ್ಲಿ ಜೇಮ್ಸ್ ಸ್ಕರಿ ಎಂಬ ಹದಿನೈದು ಹದಿನಾರರ ಹುಡುಗ ಇದ್ದ. ಫ್ರೆಂಚ್ ನೌಕಾಧಿಪತಿ ಸಫ್ರೆನ್‌ಗೆ ಕಡಲೂರಿನಲ್ಲಿ ತನ್ನವರಿಗೇ ಊಟಕ್ಕಿರಲಿಲ್ಲ, ಇನ್ನು ಕೈದಿಗಳಿಗೆಲ್ಲಿಂದ? ವಿನಿಮಯ ಮಾಡೋಣ ಎಂದು ಮದರಾಸಿಗೆ ಹೇಳಿಕಳಿಸಿದ, ಮದರಾಸು ಒಪ್ಪಲಿಲ್ಲ. ಕೊನೆಗೆ ಆ ನೂರಾರು ಇಂಗ್ಲಿಷರನ್ನು ಹೈದರನ ಕೈಗೆ ಒಪ್ಪಿಸಿಬಿಟ್ಟ. ಯುರೋಪಿನ ಕಡಲಲ್ಲಾಗಿದ್ದರೆ ಬಿಳಿ ಬಾವುಟದ ಹಡಗಿನಲ್ಲಿ ತಿಂಗಳೊಳಗೆ ಮನೆ ಸೇರಬೇಕಾದವರು ಬೆಂಗಳೂರಿನ ಹಾದಿ ಹಿಡಿದರು.

ಸ್ಕರಿಯನ್ನೂ ಅವನಂಥ ಇತರ ಹುಡುಗರನ್ನೂ ಬೇರೆ ಮಾಡಿ ಪಟ್ಟಣಕ್ಕೆ ಒಯ್ದು, ಸುನ್ನತಿ ಮಾಡಿಸಿ, ಕಿವಿ ಚುಚ್ಚಿಸಿ, ಹೆಸರು ಬದಲಿಸಿ, ಗುಲಾಮ ಸಿಪಾಯಿಗಳ ಚೇಲಾ ಪಡೆಗೆ ಸೇರಿಸಿದರು. ಅವನಿಗೆ ಶಂಶೇರ್ ಖಾನ್ ಎಂದು ಹೆಸರಿಟ್ಟರು. 1784ರಲ್ಲಿ ಅಧಿಕಾರಿಗಳು ಬಿಡುಗಡೆಯಾದಾಗ ಈ ಹುಡುಗರನ್ನು ಬಿಡಲಿಲ್ಲ. ಕಾಗದದ ಮೇಲೆ ಅವರು ಈಗ ಸುಲ್ತಾನನ ಜನ. ಅವನಿಗೆ ಅಲ್ಲೇ ಮದುವೆಯಾಯಿತು. ಸುಮಾರು ಹತ್ತು ವರ್ಷ ಕಳೆದ ಮೇಲೆ ಚಿತ್ರದುರ್ಗದಿಂದ ತಪ್ಪಿಸಿಕೊಂಡ. ಹೆಂಡತಿ ಮಕ್ಕಳು ಇಲ್ಲೇ ಉಳಿದರು. ಪ್ಲಿಮತ್ ಇರುವ ಡೆವನ್ ಸೀಮೆಗೆ ಮರಳಿದಾಗ ಅವನ ಇಂಗ್ಲಿಷು ತೊದಲುತ್ತಿತ್ತು, ಕುರ್ಚಿಯಲ್ಲಿ ಕೂರುವುದು ಒಗ್ಗುತ್ತಿರಲಿಲ್ಲ, ಮುಳ್ಳುಚಮಚ ಹಿಡಿಯಲು ಬರುತ್ತಿರಲಿಲ್ಲ. ಕೈಯಲ್ಲಿ ಉಂಡು ಚಕ್ಕಳಮಕ್ಕಳ ಕೂತು ದೊಡ್ಡವನಾದವನಿಗೆ ಮೇಜು ಒಂದು ಶಿಕ್ಷೆಯೇ.

ಅವನ ನೆನಪುಗಳು 1824ರಲ್ಲಿ, ಅವನು ಸತ್ತ ಮೇಲೆ ಅಚ್ಚಾದವು. ಆ ಪುಸ್ತಕದಲ್ಲಿ ನಮ್ಮವರು ಬರುತ್ತಾರೆ. ಕೆನರಾದಿಂದ 30,000 ಕ್ರೈಸ್ತರನ್ನು ತಂದರು, ಎದುರಾಡಿದವರ ಮೂಗು, ಕಿವಿ, ಮೇಲ್ದುಟಿ ಕೊಯ್ದರು ಎಂದು ಬರೆದಿದ್ದಾನೆ. ಮೂವತ್ತು ವರ್ಷ ಕಳೆದ ನೆನಪು, ಟಿಪ್ಪುವನ್ನು ರಾಕ್ಷಸ ಮಾಡಿದರೆ ಪುಸ್ತಕ ಬಿಕರಿಯಾಗುವ ಕಾಲ. ಸಂಖ್ಯೆಯನ್ನೂ ವಿವರವನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ಆದರೆ ಒಂದನ್ನು ತೆಗೆದುಹಾಕುವಂತಿಲ್ಲ: ಅವನು ಅಲ್ಲಿದ್ದ. ಪಟ್ಟಿಯಲ್ಲಿಲ್ಲದ ಕಾರ್ಕಳ, ಕಲ್ಯಾಣಪುರ, ಶಿರ್ವದವರನ್ನು ಕಣ್ಣಾರೆ ಕಂಡು ಬರೆದ ಬೆರಳೆಣಿಕೆಯವರಲ್ಲಿ ಒಬ್ಬ, ಪಟ್ಟಿಯಿಂದ ಬಿಟ್ಟುಹೋದ ಇಂಗ್ಲಿಷ್ ಹಡಗಿನ ಹುಡುಗ. ಅಂಗೈ ದಿನಚರಿಯ ಅಧಿಕಾರಿಗಳಿಗೆ ಅವರು ಕಾಣಲೇ ಇಲ್ಲ, ಅವರು ಬರುವ ಹೊತ್ತಿಗೆ ಇವರು ಹೊರಟಿದ್ದರು.

ಯುದ್ಧಕೈದಿಯೂ ಅಲ್ಲದ, ಸಿಪಾಯಿಯೂ ಅಲ್ಲದ ಊರವರಿಗೆ ಯುದ್ಧದ ನಿಯಮದಲ್ಲಿ ಒಂದು ಪೂರ್ತಿ ಅಧ್ಯಾಯ ಸಿಕ್ಕಿದ್ದು 1949ರ ನಾಲ್ಕನೇ ಜಿನೀವಾ ಒಪ್ಪಂದದಲ್ಲಿ. ಅಲ್ಲೂ ಸ್ವಂತ ಸರ್ಕಾರವೇ ಹಿಡಿದರೆ ಸಿಗುವ ರಕ್ಷಣೆ ತೆಳ್ಳಗಿನದೇ. ಅದು ಬೇರೆ ಅಂಕಣದ ಮಾತು.

1799ರಲ್ಲಿ ಪಟ್ಟಣ ಬಿದ್ದ ಮೇಲೆ ಬದುಕಿದ್ದವರು ಘಟ್ಟ ಇಳಿದರು. ಎಲ್ಲರೂ ಅಲ್ಲ. ಕೆಲವರು ಅಲ್ಲೇ ನಿಂತರು. ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ ಅವರನ್ನು ಒಟ್ಟುಗೂಡಿಸಿದ. ಇಳಿದು ಬಂದವರು ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋನ ಕಚೇರಿಯ ಮುಂದೆ ಸಾಲುಗಟ್ಟಿ ತಮ್ಮ ಗದ್ದೆ ಕೇಳಿದರು. ಹದಿನೈದು ವರ್ಷದಲ್ಲಿ ಆ ಗದ್ದೆಗಳನ್ನು ಬೇರೆಯವರು ಉತ್ತಿದ್ದರು, ಕಂದಾಯ ಕಟ್ಟಿದ್ದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. ಅತ್ತೂರಿನಲ್ಲಿ 1801ರಲ್ಲಿ ಮತ್ತೆ ಇಗರ್ಜಿ ಎದ್ದಿತು, ಕಲ್ಯಾಣಪುರದಲ್ಲಿ 1806ರಲ್ಲಿ. ಜನವರಿಯ ಅತ್ತೂರು ಜಾತ್ರೆಗೆ ಮೊಂಬತ್ತಿ ಹಿಡಿದು ಸಾಲು ನಿಲ್ಲುವವರಲ್ಲಿ ಅರ್ಧಕ್ಕರ್ಧ ನಾವು ಹಿಂದೂಗಳೇ. ಪುಷ್ಕರಿಣಿಯ ನೀರು ತೀರ್ಥವೆಂದು ಬಾಟಲಿಯಲ್ಲಿ ತರುತ್ತೇವೆ.

ಮಣಿಪಾಲದಲ್ಲಿ ನಮ್ಮ ಹಿಂದಿನ ಮನೆಯಲ್ಲಿ ಒಬ್ಬರು ಬಾಯಮ್ಮ ಇದ್ದರು. ಶಿರ್ವ ಕಡೆಯವರು, ಈಗಿಲ್ಲ. ತವರಿನ ಗದ್ದೆಯೊಂದರ ಬಗ್ಗೆ ಮಾತು ಬಂದಾಗ, "ನಮ್ಮವರು ಪಟ್ಟಣಕ್ಕೆ ಹೋಗಿದ್ದಾಗ ಅದನ್ನು ಶೆಟ್ಟರ ಮನೆಯವರು ಮಾಡ್ತಿದ್ರು ಮಾರಾಯ್ತಿ" ಎಂದು ನನ್ನ ಹೆಂಡತಿಗೆ ಹೇಳಿದರು. ಹೋಗಿದ್ದಾಗ ಎಂದರೆ ವರ್ಷದ ಹಿಂದೆ ಯಾವುದೋ ಮದುವೆಗೆ ಹೋಗಿ ಬಂದ ಹಾಗೆ. ಸೆರೆ ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ಶೆಟ್ಟರು ಗದ್ದೆ ವಾಪಸು ಕೊಟ್ಟರಾ ಎಂದು ಕೇಳಿದೆ. "ಕೊಟ್ರು. ಎರಡು ಮುಡಿ ಗದ್ದೆ ಬಾಕಿ ಉಂಟು" ಎಂದು ನಕ್ಕರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ದಿನ ಅವರಲ್ಲಿ ಮೀನು ಮಾಂಸ ಇಲ್ಲ, ತರಕಾರಿ ಊಟ. ಆ ಶೆಟ್ಟರ ಮನೆಯಿಂದ ಹಿಂದಿನ ದಿನವೇ ಹರಿವೆ, ಅಲಸಂಡೆ, ಬೆಂಡೆ, ಒಂದು ಕಟ್ಟು ಬಾಳೆ ಎಲೆ ಬರುತ್ತಿತ್ತಂತೆ. ಆ ಎರಡು ಮುಡಿಯಲ್ಲಿ ಬೆಳೆದದ್ದೇ.

"ಮತ್ತೆ ಬಾಕಿ ಕೇಳಲಿಲ್ವಾ ಬಾಯಮ್ಮ?"

"ಕೇಳಿದ್ರೆ ತರಕಾರಿ ಯಾರು ಕಳಿಸ್ತಾರೆ?"